ಚಿಕ್ಕಬಾಣಾವರಕ್ಕೆ ಹೋದ ಕರು

ನಮ್ಮ ಮನೆಯಲ್ಲಿ ಯಾರೂ ತೀರಿಕೊಳ್ಳುವುದಿಲ್ಲ, ದೇವರ ಪಾದ ಸೇರುವುದಿಲ್ಲ, ನಮ್ಮನ್ನೆಲ್ಲ ಬಿಟ್ಟು ದೂರ ಹೋಗುವುದೂ ಇಲ್ಲ. ಸಾಯುತ್ತಾರೆ, ಅಷ್ಟೇ. ಅಪ್ಪ ಸತ್ತ ದಿನ ನನ್ನ ತಮ್ಮ ಬಸು ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, "ಅಪ್ಪ ಸತ್ತರು. ನಾಳೆ ಮಧ್ಯಾಹ್ನ ಮಣ್ಣು" ಎಂದು ಹೇಳಿ, ಆ ಕಡೆಯವರು ಅತ್ತು ಮುಗಿಸುವ ತನಕ ಫೋನು ಹಿಡಿದುಕೊಂಡೇ ಕೂತಿರುತ್ತಿದ್ದ. ಗದಗಿನಿಂದ ಮಣ್ಣಿಗೆ ಬಂದ ದೊಡ್ಡವ್ವನ ಮಗಳು ನನ್ನನ್ನು ಮೂಲೆಗೆ ಕರೆದು, ಇಷ್ಟು ಓದಿದವನಿಗೆ ಒಂದು ಒಳ್ಳೆಯ ಮಾತು ಸಿಗಲಿಲ್ಲವೇ, ದನ ಸತ್ತ ಹಾಗೆ ಹೇಳಿಬಿಟ್ಟನಲ್ಲ ಎಂದು ಮುಖ ಊದಿಸಿಕೊಂಡಳು. ತನಗೇ ಗೊತ್ತಿಲ್ಲದೆ ಅವಳು ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಳು. ನಾವಿಬ್ಬರೂ ಸಾವಿನ ಬಗ್ಗೆ ಮಾತಾಡಲು ಕಲಿತದ್ದು ಒಂದು ಕರು ಸತ್ತಾಗ. ಕಲಿಸಿದವಳು ಆ ಕರುವಿನ ಯಜಮಾನಿ, ನಮ್ಮ ಮನೆಯ ಮಾಲಕಿ, ಮುನಿಯಮ್ಮಜ್ಜಿ. ನನಗೆ ಆಗ ಎಂಟು ವರ್ಷ, ಬಸುವಿಗೆ ಐದು ತುಂಬಿ ಆರು ನಡೆಯುತ್ತಿತ್ತು.

ಯಲಹಂಕದ ಪಕ್ಕದ ಪುಟ್ಟೇನಹಳ್ಳಿ ಆಗ ಇನ್ನೂ ಹಳ್ಳಿಯೇ. ಕೆರೆ, ಏರಿಯ ಮೇಲೆ ಹೊಂಗೆ ಮರಗಳು, ಏರಿಯ ಕೆಳಗೆ ರಾಗಿ ಹೊಲ, ಹೊಲ ಮುಗಿದಲ್ಲಿ ಅಜ್ಜಿಯ ಮನೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಗದಗಿನಿಂದ ಬಂದಾಗ, ಈ ಮನೆಯ ಮಗ್ಗುಲಿಗೆ ಅಂಟಿಕೊಂಡಿದ್ದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದ. ಒಂದರಲ್ಲಿ ಒಲೆ, ನೀರಿನ ಹಂಡೆ, ದೇವರ ಗೂಡು. ಇನ್ನೊಂದರಲ್ಲಿ ಉಳಿದ ಸಂಸಾರವೆಲ್ಲ. ನಮ್ಮ ಅಡುಗೆ ಕೋಣೆಗೂ ಅಜ್ಜಿಯ ಕೊಟ್ಟಿಗೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಕಡೆ ಹಸು ಮೈ ತಿಕ್ಕಿದರೆ ಈ ಕಡೆ ಗೂಡಿನಲ್ಲಿಟ್ಟ ಡಬ್ಬಿಗಳು ಅಲುಗುತ್ತಿದ್ದವು. ಮೊದಲ ತಿಂಗಳು ಅವ್ವ ಸಗಣಿ ವಾಸನೆಗೆ ಮೂಗು ಮುರಿದಳು, ಎರಡನೆಯ ತಿಂಗಳು ಅದೇ ಗೋಡೆಗೆ ಬೆನ್ನು ಕೊಟ್ಟು ಚಳಿ ಕಾಯಿಸಿಕೊಂಡಳು. ಅವ್ವನ ಜೋಳದ ರೊಟ್ಟಿ ಆ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಅವರೆಕಾಳಿನ ಸಾರು ಬರುತ್ತಿತ್ತು. ಮುದ್ದೆ ನುಂಗುವುದನ್ನು ಅಪ್ಪ ಒಂದೇ ದಿನದಲ್ಲಿ ಕಲಿತ. ಅವ್ವ ಮಾತ್ರ ಕೊನೆಯವರೆಗೂ ಅಗಿಯುತ್ತಲೇ ಇದ್ದಳು, ಅಜ್ಜಿ ಅದನ್ನು ನೋಡಿ ನಗುತ್ತಲೇ ಇದ್ದಳು.

ಮುನಿಯಮ್ಮಜ್ಜಿ ಎತ್ತರದ, ಒಣಕಲು ಹೆಂಗಸು. ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಮಗ ನಂಜಪ್ಪನ ಜೊತೆ ಹೊಲ, ಎರಡು ಹಸು, ಹಿತ್ತಲಿನ ಸೊಪ್ಪು ಎಲ್ಲವನ್ನೂ ನಿಂತುಕೊಂಡೇ ನೋಡಿಕೊಳ್ಳುತ್ತಿದ್ದಳು. ಮಗಳನ್ನು ಚಿಕ್ಕಬಾಣಾವರಕ್ಕೆ ಕೊಟ್ಟಿದ್ದರು. ಅಜ್ಜಿಯ ಮಾತಿಗೆ ಬೆಲ್ಲದ ಲೇಪ ಇರುತ್ತಿರಲಿಲ್ಲ. ಹಾಲಿಗೆ ನೀರು ಬೆರೆಸುವ ಅಭ್ಯಾಸವೂ ಇರಲಿಲ್ಲ, ಮಾತಿಗೆ ಬೆರೆಸುವ ಅಭ್ಯಾಸವೂ ಇರಲಿಲ್ಲ. ಅವ್ವ ಹೊಸ ಸೀರೆ ಉಟ್ಟು ಹೇಗಿದೆ ಎಂದು ಕೇಳಿದರೆ, "ಬಣ್ಣ ಚೆಂದಾಗೈತೆ, ನಿಂಗ್ ಒಪ್ಪಲ್ಲ" ಎಂದುಬಿಡುತ್ತಿದ್ದಳು. ಅಪ್ಪ ಇದಕ್ಕೆ ತೀರಾ ತದ್ವಿರುದ್ಧ. ಅವನ ಬಾಯಲ್ಲಿ ಎಂದೂ ಕೆಟ್ಟ ಸುದ್ದಿ ಬರುತ್ತಿರಲಿಲ್ಲ. ಬಸ್ಸು ತಪ್ಪಿದರೆ ಮುಂದಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಗುತ್ತದೆ ಎನ್ನುವವನು. ಇಂಜೆಕ್ಷನ್ ಕೊಡಿಸಲು ಕರೆದೊಯ್ಯುವಾಗ ಪೆಪ್ಪರಮೆಂಟು ಕೊಡಿಸುತ್ತೇನೆ ಎಂದು ಹೇಳಿ ಹೊರಡಿಸುತ್ತಿದ್ದ, ನಿಜವಾಗಿಯೂ ಕೊಡಿಸುತ್ತಿದ್ದ, ಆದರೆ ಆಮೇಲೆ. ಮಕ್ಕಳ ಕಣ್ಣಲ್ಲಿ ನೀರು ನೋಡಲು ಆಗದ ಮನುಷ್ಯ ಅವನು. ಅದು ಪ್ರೀತಿ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಅನುಮಾನವಿಲ್ಲ.

ಆ ಬೇಸಿಗೆಯ ಮೊದಲಲ್ಲಿ, ಶಾಲೆಗೆ ಇನ್ನೂ ರಜೆ ಬೀಳುವ ಮುಂಚೆ, ಅಜ್ಜಿಯ ಕೆಂಪಿ ಎಂಬ ಹಸು ಕರು ಹಾಕಿತು. ಹೆಣ್ಣು ಕರು, ತೆಳು ಕಂದು ಬಣ್ಣ, ಹಣೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಬಸು ನೋಡಿದ ಕೂಡಲೇ ಅದಕ್ಕೆ ಬಿಸ್ಕತ್ತು ಎಂದು ಹೆಸರಿಟ್ಟ. ಅಜ್ಜಿ ತಾನು ಗಂಗೆ ಎಂದು ಕರೆಯಬೇಕೆಂದಿದ್ದವಳು, ಎರಡೇ ದಿನದಲ್ಲಿ ಸೋತು ತಾನೂ "ಬಾ ಬಿಸ್ಕತ್ತೂ" ಎನ್ನತೊಡಗಿದಳು. ಬಸು ಶಾಲೆಯಿಂದ ಬಂದು ಚೀಲ ಎಸೆದು ಕೊಟ್ಟಿಗೆಗೆ ಹೋದರೆ ಊಟಕ್ಕೆ ಕಿವಿ ಹಿಡಿದು ಕರೆತರಬೇಕಾಗಿತ್ತು. ಕರು ಅವನ ಅಂಗಿಯ ತುದಿಯನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿತ್ತು. ಅವನ ಎರಡು ಅಂಗಿಗಳೂ ಕೆಳಗೆ ಸುಕ್ಕುಸುಕ್ಕಾಗಿ ಒಣಗಿ ರಟ್ಟಿನಂತೆ ಆಗಿದ್ದವು. ಓದಿದ ಪಾಠವನ್ನು ಅವನು ಅದಕ್ಕೂ ಓದಿ ಹೇಳುತ್ತಿದ್ದ. ನಾನು ದೊಡ್ಡವಳೆಂಬ ಜಂಬದಲ್ಲಿ ದೂರ ನಿಂತಿರುತ್ತಿದ್ದೆ, ಯಾರೂ ಇಲ್ಲದಾಗ ಹೋಗಿ ಉಳಿದ ರೊಟ್ಟಿ ಮುರಿದು ತಿನ್ನಿಸುತ್ತಿದ್ದೆ.

ಮಳೆಗಾಲ ಶುರುವಾದ ಮೇಲೆ ಕರುವಿಗೆ ಭೇದಿ ಹತ್ತಿಕೊಂಡಿತು. ದನದ ಡಾಕ್ಟರು ಬಂದು ಔಷಧಿ ಕುಡಿಸಿ ಹೋದರು. ಮೂರನೆಯ ದಿನ ಬೆಳಗ್ಗೆ ಬಸು ಏಳುವ ಮೊದಲೇ ಅದು ಸತ್ತುಹೋಗಿತ್ತು. ಅವ್ವ ನನ್ನನ್ನು ಒಲೆಯ ಬಳಿ ಕೂರಿಸಿಕೊಂಡು ಕಿವಿಯಲ್ಲಿ ವಿಷಯ ಹೇಳಿದಳು, ತಮ್ಮನಿಗೆ ಹೇಳಬೇಡ ಎಂದಳು. ನನಗೆ ಮೊದಲು ಬಂದದ್ದು ದುಃಖವಲ್ಲ, ರೊಟ್ಟಿಯ ನೆನಪು. ಹಿಂದಿನ ವಾರ ನಾನು ತಿನ್ನಿಸಿದ ಅರ್ಧ ರೊಟ್ಟಿಯೇ ಅದರ ಹೊಟ್ಟೆ ಕೆಡಿಸಿತು ಎಂದು ನನಗೆ ಖಾತ್ರಿಯಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಬಸು ಎದ್ದು ಕಣ್ಣುಜ್ಜುತ್ತಾ ಕೊಟ್ಟಿಗೆಯ ಖಾಲಿ ಗೂಟ ನೋಡಿ ಬಂದು ಕೇಳಿದಾಗ, ಅಪ್ಪ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಾ ಕನ್ನಡಿಯಲ್ಲೇ ನೋಡಿ ಉತ್ತರ ಕೊಟ್ಟ.

"ಬಿಸ್ಕತ್ತು ಚಿಕ್ಕಬಾಣಾವರಕ್ಕ ಹೋಗೇತಿ, ತಮ್ಮಾ. ಅಜ್ಜಿ ಮಗಳ ಮನೀಗೆ. ಅಲ್ಲೆ ಹಸಿ ಹುಲ್ಲು ಭಾಳ ಐತಂತ."

"ಯಾವಾಗ ಬರತೈತಿ?"

"ಆರಾಮ ಆದಮ್ಯಾಲೆ ಬರತೈತಿ."

ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಮುನಿಯಮ್ಮಜ್ಜಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಬಸು ಅವಳ ಕಡೆ ಓಡಿ ಹೋಗಿ ಹೌದೇ ಎಂದು ಕೇಳಿದ. ಅವಳು "ನಿಮ್ಮಪ್ಪನ್ನೇ ಕೇಳಪ್ಪ" ಎಂದು ಪೊರಕೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಆಮೇಲೆ ಅಪ್ಪನ ಕಲ್ಪನೆಗೆ ಕಡಿವಾಣವೇ ಇರಲಿಲ್ಲ. ದಿನಾ ಸಂಜೆ ಸೈಕಲ್ಲು ನಿಲ್ಲಿಸುವ ಮೊದಲೇ ಚಿಕ್ಕಬಾಣಾವರದ ಸುದ್ದಿ. ಆ ಕಡೆಯಿಂದ ಕೆಲಸಕ್ಕೆ ಬರುವ ಒಬ್ಬರು ನೋಡಿದರಂತೆ, ಕರು ದಪ್ಪಗಾಗಿದೆಯಂತೆ, ಕೊಂಬು ಮೂಡುವ ಜಾಗ ಗಟ್ಟಿಯಾಗಿದೆಯಂತೆ. ನಾನೂ ಹಿಂದೆ ಬೀಳಲಿಲ್ಲ. ಅದರ ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿದ್ದಾರಂತೆ ಎಂದು ನನ್ನದೂ ಒಂದು ಸೇರಿಸಿದೆ. ದೊಡ್ಡವರ ಗುಟ್ಟಿನಲ್ಲಿ ಪಾಲು ಸಿಕ್ಕಿದ ಹೆಮ್ಮೆ ನನಗೆ. ಬಸು ಬಾಯಿ ತೆರೆದು ಕೇಳುವಾಗ ನನಗೆ ಅಪ್ಪನಷ್ಟೇ ವಯಸ್ಸಾದ ಹಾಗೆ ಅನ್ನಿಸುತ್ತಿತ್ತು. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಇತ್ತ ಕೊಟ್ಟಿಗೆಯಲ್ಲಿ ಕೆಂಪಿ ಕರುವಿಲ್ಲದೆ ಹಾಲು ಇಳಿಸಲು ಒಪ್ಪಲಿಲ್ಲ. ಕೆಚ್ಚಲು ಗಟ್ಟಿಯಾಗಿ, ಕೈ ಇಟ್ಟರೆ ಒದೆಯುತ್ತಿತ್ತು. ಇಂಥ ಹೊತ್ತಿಗೆ ಹಳ್ಳಿಗಳಲ್ಲಿ ಒಂದು ಪದ್ಧತಿಯುಂಟು. ಸತ್ತ ಕರುವಿನ ಚರ್ಮ ತೆಗೆಸಿ, ಉಪ್ಪು ಉಜ್ಜಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಕಾಲಿಗೆ ಕೋಲು ಕೊಟ್ಟು ಹಸುವಿನ ಮುಂದೆ ನಿಲ್ಲಿಸುತ್ತಾರೆ. ತನ್ನ ಕರುವಿನ ವಾಸನೆ ಹಿಡಿದು ಹಸು ಅದನ್ನು ನೆಕ್ಕುತ್ತಾ ನಿಲ್ಲುತ್ತದೆ, ಹಾಲು ಇಳಿಸುತ್ತದೆ. ನಂಜಪ್ಪ ಚರ್ಮದ ಕೆಲಸ ಬಲ್ಲವರೊಬ್ಬರನ್ನು ಕರೆಸಿ ಅದನ್ನು ಮಾಡಿಸಿದ್ದ. ಉಳಿದ ದೇಹವನ್ನು ಏರಿಯ ಹೊಂಗೆ ಮರದ ಕೆಳಗೆ ಹೂತಿದ್ದರು. ನಮಗೆ, ಅಂದರೆ ಗದಗಿನ ಪೇಟೆಯಿಂದ ಬಂದವರಿಗೆ, ಈ ಪದ್ಧತಿ ಗೊತ್ತೇ ಇರಲಿಲ್ಲ. ಮೊದಲೇ ಹೇಳಬೇಕೆಂದು ನಂಜಪ್ಪನಿಗೂ ಹೊಳೆಯಲಿಲ್ಲ. ಅವನ ಪಾಲಿಗೆ ಅದು ಹಗ್ಗ ಹೊಸೆಯುವಷ್ಟೇ ಮಾಮೂಲಿ ಕೆಲಸ.

ಒಂದು ಭಾನುವಾರ ಬೆಳಗ್ಗೆ ಅಂಗಳದಿಂದ "ಆಲು ಕರದೈತೆ, ತಗೊಂಡೋಗ್ರಿ" ಎಂದು ನಂಜಪ್ಪ ಕೂಗಿದ. ಎಷ್ಟೋ ದಿನದ ಮೇಲೆ ಕೇಳಿದ ಕೂಗು. ಬಸು ಚೊಂಬು ಹಿಡಿದು ಓಡಿದ, ನಾನು ಹಿಂದೆ ಹೋದೆ. ಕೊಟ್ಟಿಗೆಯಲ್ಲಿ ಕೆಂಪಿಯ ಮುಂದೆ ಬಿಸ್ಕತ್ತು ನಿಂತಿತ್ತು. ಅದೇ ಬಣ್ಣ, ಅದೇ ಕಿವಿ. ಚೊಂಬು ಬಿಸಾಡಿ ಬಸು "ಬಂತು, ಅಕ್ಕಾ, ಬಂತು" ಎಂದು ಹೋಗಿ ಅದರ ಕೊರಳು ತಬ್ಬಿಕೊಂಡ. ಒಳಗಿನ ಹುಲ್ಲು ಚರಚರ ಸದ್ದು ಮಾಡಿತು. ಕಣ್ಣಿದ್ದ ಜಾಗದಲ್ಲಿ ಒಂದು ಹುಲ್ಲಿನ ಎಳೆ ಹೊರಗೆ ಚಾಚಿತ್ತು. ಬಸು ನಿಧಾನವಾಗಿ ಕೈ ಬಿಟ್ಟ. ಅಳಲಿಲ್ಲ. ಚೊಂಬು ಎತ್ತಿಕೊಂಡು ಅದಕ್ಕಂಟಿದ ಮಣ್ಣನ್ನು ಅಂಗಿಗೆ ಒರೆಸಿದ, ಹಾಲು ಹಾಕಿಸಿಕೊಂಡು ಒಂದು ಹನಿ ಚೆಲ್ಲದೆ ಮನೆಗೆ ತಂದ. ಅವನು ಹಾಲು ಚೆಲ್ಲದೆ ತಂದದ್ದು ಅದೇ ಮೊದಲು.

ಅದೇ ವಾರ ಅವ್ವ ತವರಿಗೆ ಹೊರಡಬೇಕಿತ್ತು. ಅವಳಿಗೆ ಏಳನೆಯ ತಿಂಗಳು. ಬಸು ಹುಟ್ಟುವಾಗ ಬಹಳ ಕಷ್ಟವಾಗಿತ್ತು, ಈ ಸಲ ಮೈಯಲ್ಲಿ ರಕ್ತ ಕಡಿಮೆ, ಕೊಡ ಎತ್ತಬಾರದು, ತಾಯಿಮನೆಗೆ ಹೋಗಿ ಮಲಗಿರಬೇಕು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ನಮ್ಮ ಶಾಲೆ ಆಗತಾನೇ ತೆರೆದಿದ್ದರಿಂದ ನಾವು ಅಪ್ಪನ ಜೊತೆ ಉಳಿಯುವುದು, ಊಟಕ್ಕೆ ಅಜ್ಜಿಯ ಮನೆ ಎಂದು ಮಾತಾಗಿತ್ತು. ಸೋದರಮಾವ ಗುರುವಾರ ಬಂದು ಕರೆದೊಯ್ಯುವವನಿದ್ದ. ಅವ್ವ ಟ್ರಂಕು ಇಳಿಸಿ ಸೀರೆ ಮಡಿಸಿಡತೊಡಗಿದ್ದೇ ತಡ, ಬಸು ಬಂದು ಅದರ ಮುಚ್ಚಳ ಹಾಕಿ ಮೇಲೆ ಕೂತ. ಎಬ್ಬಿಸಿದರೆ ಏಳಲಿಲ್ಲ. ಶಾಲೆಗೆ ಹೋಗಲಿಲ್ಲ. ಅವ್ವ ಬಚ್ಚಲಿಗೆ ಹೋದರೂ ಸೆರಗು ಹಿಡಿದು ಹೊರಗೆ ನಿಂತ. ಬೆಲ್ಲ, ಬೈಗುಳ, ಅಪ್ಪನ ಪೆಪ್ಪರಮೆಂಟು ಯಾವುದೂ ನಡೆಯಲಿಲ್ಲ. ಎರಡನೆಯ ದಿನ ಮೈ ಬಿಸಿಯಾಯಿತು, ತಿಂದದ್ದೆಲ್ಲ ವಾಂತಿ ಮಾಡಿದ. ಅವ್ವ ಅವನನ್ನು ಎತ್ತಿಕೊಳ್ಳಲು ಹೋಗಿ ತಲೆಸುತ್ತು ಬಂದು ಗೋಡೆ ಹಿಡಿದು ಕೂತುಬಿಟ್ಟಳು. ನಾ ಹೋಗುವುದಿಲ್ಲ, ಏನಾದರೂ ಆಗಲಿ, ಇಲ್ಲೇ ಇರುತ್ತೇನೆ ಎಂದು ಅವ್ವ ಅತ್ತಳು. ಅವಳು ಇಲ್ಲೇ ಉಳಿದರೆ ಏನಾಗಬಹುದು ಎಂದು ಅಪ್ಪನ ಮುಖದಲ್ಲಿ ನನಗೆ ಕಂಡಿತು. ಕೊನೆಗೆ ಅವ್ವ ಬಸುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಯಾಕಪ್ಪಾ ಹೀಗೆ ಮಾಡುತ್ತೀ ಎಂದು ಕೇಳಿದಾಗ ಅವನು ಹೇಳಿದ.

"ರೈಲು ಚಿಕ್ಕಬಾಣಾವರದ ಮ್ಯಾಲೆ ಹೋಗತೈತಿ."

"ಹೋಗತೈತಿ. ಅದಕ್ಕೇನೀಗ?"

"ಅಲ್ಲೆ ಇಳಿಸಿಕೊಂಡು ನಿಂಗೂ ಹುಲ್ಲು ತುಂಬತಾರ."

ಯಶವಂತಪುರದಲ್ಲಿ ಹುಬ್ಬಳ್ಳಿಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಚಿಕ್ಕಬಾಣಾವರ ಬರುತ್ತದೆ. ಹಿಂದಿನ ಸಲ ಗದಗಿಗೆ ಹೋದಾಗ ಅಪ್ಪನೇ ಅವನಿಗೆ ಕಿಟಕಿಯಿಂದ ಆ ಬೋರ್ಡು ತೋರಿಸಿ ಅಜ್ಜಿಯ ಮಗಳ ಊರು ಎಂದು ಹೇಳಿದ್ದ. ಆರಾಮಾಗಲಿ ಎಂದು ಕರುವನ್ನು ಅಲ್ಲಿಗೆ ಕಳಿಸಿದರು, ಅದು ಹುಲ್ಲು ತುಂಬಿಸಿಕೊಂಡು ವಾಪಸ್ಸು ಬಂತು. ಈಗ ಆರಾಮಾಗಲಿ ಎಂದು ಅವ್ವನನ್ನು ಅದೇ ದಾರಿಯಲ್ಲಿ ಕಳಿಸುತ್ತಿದ್ದಾರೆ. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾವು ಕೊಟ್ಟದ್ದನ್ನೇ ಅವನು ಕೂಡಿಸಿದ್ದ.

ಬಸುವಿಗೆ ಜೊಂಪು ಹತ್ತಿತು. ಅಪ್ಪ ಅವ್ವನನ್ನು ಅಂಗಳಕ್ಕೆ ಕರೆದು, ಗುರುವಾರವೂ ಹೀಗೇ ಬಸು ನಿದ್ದೆ ಹೋದಾಗ ನೋಡಿಕೊಂಡು ಹೊರಟುಬಿಡೋಣ, ಎದ್ದ ಮೇಲೆ ನಾನು ಏನಾದರೂ ಹೇಳಿ ಸಮಾಧಾನ ಮಾಡುತ್ತೇನೆ ಎಂದು ಮೆಲ್ಲಗೆ ಹೇಳಿದ. ಹುಲ್ಲಿನ ಹೊರೆ ಇಳಿಸುತ್ತಿದ್ದ ಮುನಿಯಮ್ಮಜ್ಜಿಗೆ ಅದು ಕೇಳಿಸಿತು.

"ಕರು ಇಂಗೇ ಓಯ್ತು ಅಂದ್ರಿ," ಎಂದಳು. "ಈಗ ಅವ್ವನೂ ಇಂಗೇ ಓಗ್ಬೇಕಾ?"

"ಅಮ್ಮಾರ, ಇದು ನಮ್ಮ ಮನೀ ಮಾತು."

"ನಿಮ್ ಮನೆ ಮಾತೇಯ. ಅದಕ್ಕೇ ಇಷ್ಟ್ ದಿನ ಬಾಯ್ ಮುಚ್ಕೊಂಡಿದ್ದೆ. ಅದು ನನ್ ತಪ್ಪು."

"ಐದು ವರ್ಷದ ಕೂಸು ಅದು. ಸಾವು ಅಂದ್ರ ಅದಕ್ಕೇನು ತಿಳೀತೈತಿ?"

ಅಜ್ಜಿ ಹೊರೆಯನ್ನು ಅಲ್ಲೇ ಬಿಟ್ಟು ಬಂದು, ನಾನು ಕಂಡ ಮಟ್ಟಿಗೆ ಮೊದಲ ಬಾರಿ ನಮ್ಮ ಜಗಲಿಯ ಮೇಲೆ ಕೂತಳು.

"ನಮ್ಮವ್ವ ಸತ್ತಾಗ ನಂಗೂ ಅಷ್ಟೇ ವಯಸ್ಸು. ಯಲಾಂಕದ ಸಂತೆಗೋಗವ್ಳೆ, ಬತ್ತಾಳೆ ಅಂದ್ರು ಎಲ್ರೂ. ಒಂದ್ ವರ್ಸ, ಸಂತೆ ದಿನ ಬಂತು ಅಂದ್ರೆ ಕೆರೆ ಏರಿ ಮೇಲೆ ಕೂತ್ಕೊಂತಿದ್ದೆ. ಬಂದೋರ್ ಮುಖ ಎಲ್ಲಾ ನೋಡ್ತಿದ್ದೆ. ಸಾವು ತಿಳಿಯಾಕಿಲ್ಲ ಅಂದ್ರಲ್ಲ, ಕಾಯೋದು ತಿಳೀತದೆ ಸ್ವಾಮಿ, ಐದು ವರ್ಸದ್ ಕೂಸಿಗೆ."

ಅಪ್ಪನಿಗೆ ಮುಖಭಂಗವಾಯಿತು. ಸೈಕಲ್ಲು ತೆಗೆದುಕೊಂಡು ಎರಡನೆಯ ಶಿಫ್ಟಿಗೆ ಇನ್ನೂ ಹೊತ್ತಿರುವಾಗಲೇ ಹೊರಟುಹೋದ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, "ನೀವ ಹೇಳ್ರಿ ಅಮ್ಮಾರ. ನನಗ ಬಾಯಿ ಬರಂಗಿಲ್ಲ" ಎಂದಳು.

ಮರುದಿನ ಬೆಳಗ್ಗೆ ಹಾಲು ಕರೆದ ಮೇಲೆ ಅಜ್ಜಿ ನಮ್ಮಿಬ್ಬರನ್ನೂ ಕರೆದಳು. ಬಸು ಕೊಟ್ಟಿಗೆಯ ಬಾಗಿಲಲ್ಲೇ ನಿಂತ. ಅವಳು ಬಲವಂತ ಮಾಡಲಿಲ್ಲ. ತಾನು ಒಳಗೆ ಹೋಗಿ ಕೆಂಪಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಾದಳು. ಅವನು ತಾನಾಗಿಯೇ ಬಂದ. ಅವನ ಕೈ ಹಿಡಿದು, ಅಂಗೈ ತಿರುಗಿಸಿ, ಕೈಯ ಹಿಂಭಾಗವನ್ನು ಮೊದಲು ಅವನದೇ ಮೂಗಿನ ಕೆಳಗೆ ಇಟ್ಟಳು. ಬೆಚ್ಚಗೈತಾ ಎಂದು ಕೇಳಿದಳು. ಆಮೇಲೆ ಕೆಂಪಿಯ ಮೂಗಿಗೆ. ಹಸುವಿನ ಬಿಸಿ ಉಸಿರು ಬಡಿದು ಅವನು ಕೈ ಎಳೆದುಕೊಂಡ, ಒಂದಿಷ್ಟು ನಕ್ಕ. ಆಮೇಲೆ ಹುಲ್ಲು ತುಂಬಿದ ಕರುವಿನ ಮೂಗಿಗೆ. ಅಲ್ಲಿ ಅವಳು ಅವನ ಕೈಯನ್ನು ಬಹಳ ಹೊತ್ತು ಹಿಡಿದಿದ್ದಳು.

"ಏನಾದ್ರೂ ಬಂತಾ?"

"ಇಲ್ಲ."

"ಉಸ್ರಿಲ್ಲ. ಬಿಸ್ಕತ್ತು ಸತ್ತೋಯ್ತು, ಮಗ. ಚಿಕ್ಕಬಾಣಾವರಕ್ಕೆ ಓಗ್ಲಿಲ್ಲ. ಇಲ್ಲೇ, ಈ ಕೊಟ್ಗೆಲೇ ಸತ್ತೋಯ್ತು. ಇದು ಅದರ ಚರ್ಮ ಅಷ್ಟೇ. ಒಳೀಕೆ ಉಲ್ಲು ತುಂಬ್ಸಿದ್ದು ನಾವು."

ಅವನು ಬಿಕ್ಕಿದ. ನಾನು ಅವನ ಬಾಯಿ ಮುಚ್ಚಿಸಲು ಮುಂದೆ ಹೋದೆ. ನಮ್ಮ ಮನೆಯಲ್ಲಿ ಅಳು ಬಂದ ಕೂಡಲೇ ಯಾರಾದರೂ ಹಾಗೆ ಮಾಡುತ್ತಿದ್ದರು. ಅಜ್ಜಿ ನನ್ನನ್ನು ಕೈಯಲ್ಲೇ ತಡೆದಳು. ಬಸು ಅತ್ತ. ಹೊಟ್ಟೆಯೊಳಗಿಂದ ಅತ್ತ. ಅವಳು ಸುಮ್ಮನಿರು ಎನ್ನಲಿಲ್ಲ, ಇನ್ನೊಂದು ಕರು ಬರುತ್ತದೆ ಎನ್ನಲಿಲ್ಲ, ದೇವರು ಕರೆದುಕೊಂಡ ಎನ್ನಲಿಲ್ಲ. ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು, ಅಳುವುದೂ ಒಂದು ಕೆಲಸ, ಅದು ಮುಗಿಯಲಿ ಎನ್ನುವ ಹಾಗೆ ಕೂತಿದ್ದಳು. ನಡುವೆ ತಾನೂ ಒಮ್ಮೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಎಷ್ಟೋ ಜನ ಓದಿದವರನ್ನು, ದೊಡ್ಡ ಮಾತಿನವರನ್ನು ಆಮೇಲೆ ನೋಡಿದ್ದೇನೆ. ಒಂದು ಮಗುವಿನ ಅಳುವಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ಮಾತ್ರ ಇನ್ನೊಬ್ಬರನ್ನು ನೋಡಲಿಲ್ಲ.

ಆಮೇಲೆ ಏರಿಯ ಮೇಲೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಹೂತ ಜಾಗ ತೋರಿಸಿದಳು. ಮಳೆಗೆ ಮಣ್ಣು ಕುಸಿದು ಸಣ್ಣ ಹುಲ್ಲು ಚಿಗುರಿತ್ತು. ಬಸುವಿನ ಪ್ರಶ್ನೆಗಳು ಶುರುವಾದವು.

"ಅದಕ್ಕ ಚಳಿ ಆಗಂಗಿಲ್ಲೇನು?"

"ಇಲ್ಲ. ಚಳಿ ಆಗಕ್ಕೂ ಉಸ್ರು ಬೇಕು."

"ಹಸಿವು?"

"ಅದೂ ಇಲ್ಲ."

"ನಾಳೆ ಏಳತೈತೇನು?"

"ಏಳಲ್ಲ. ನಾಳೇನೂ ಇಲ್ಲ, ನಾಡಿದ್ದೂ ಇಲ್ಲ. ಸತ್ತಿದ್ದು ಬರಾಕಿಲ್ಲ, ಮಗ."

"ಯಾಕ ಸತ್ತಿತು?"

"ಭೇದಿ ಆಯ್ತಲ್ಲ, ಸಣ್ಣ ಜೀವ, ತಡ್ಕಣಾಕೆ ಆಗ್ಲಿಲ್ಲ. ಡಾಕ್ಟ್ರು ನೋಡಿದ್ರು, ನಾವೂ ನೋಡಿದ್ವಿ." ಅಷ್ಟು ಹೇಳಿ ಅವಳು ನನ್ನ ಕಡೆ ತಿರುಗಿದಳು. "ಯಾರೋ ಏನೋ ತಿನ್ಸಿದ್ರು ಅಂತ ಸಾಯ್ಲಿಲ್ಲ. ಒಂದ್ ಚೂರು ರೊಟ್ಟಿಗೆ ದನ ಸಾಯಲ್ಲ ಕಣಮ್ಮಿ."

ನಾನು ಯಾರಿಗೂ ಹೇಳಿರಲಿಲ್ಲ. ಗೋಡೆಯಾಚೆ ಹಸು ಮೈ ತಿಕ್ಕಿದರೆ ಡಬ್ಬಿಗಳು ಅಲುಗುವ ಮನೆಯಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ, ರೊಟ್ಟಿ ತಿನ್ನಿಸುವುದನ್ನು ಅವಳು ನೋಡಿರಬೇಕು. ಎರಡು ವಾರದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಮ್ಮೆಲೇ ಬಿಚ್ಚಿ, ಬಸು ಅಳು ನಿಲ್ಲಿಸಿದ ಮೇಲೆ ನಾನು ಶುರು ಮಾಡಿದೆ. ಅದಕ್ಕೂ ಅವಳು ಕಾದಳು.

ಬಸುವಿಗೆ ಇನ್ನೂ ಮುಖ್ಯವಾದದ್ದು ಬಾಕಿಯಿತ್ತು. ಅವ್ವನೂ ಸಾಯುತ್ತಾಳಾ ಎಂದು ಕೇಳಿದ. ಅಪ್ಪನಾಗಿದ್ದರೆ ಛೆ ಛೆ ಎಂದು ಅವನನ್ನು ಎತ್ತಿ ಕುಣಿಸಿಬಿಡುತ್ತಿದ್ದ. ಅಜ್ಜಿ ಅವನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಒಂದಿನ ಎಲ್ರೂ ಸಾಯ್ತೀವಿ. ನಾನೂ ಸಾಯ್ತೀನಿ. ಆದ್ರೆ ನಿಮ್ಮವ್ವ ಈಗ ಓಗ್ತಿರೋದು ಸಾಯಾಕಲ್ಲ, ಎರಿಗೆಗೆ. ಊರಿಗ್ ಓಗೋದು ಬ್ಯಾರೆ, ಸಾಯೋದು ಬ್ಯಾರೆ. ಊರಿಗ್ ಓದೋರು ಕಾಗದ ಬರೀತಾರೆ. ಸತ್ತೋರು ಬರೆಯಲ್ಲ. ಅವ್ವನ್ ಕಾಗದ ಬಂತಾ, ಅವ್ಳು ಚೆಂದಾಗವ್ಳೆ ಅಂತ ತಿಳ್ಕೊ."

ವಾಪಸ್ಸು ಬರುವಾಗ ಕೊಟ್ಟಿಗೆಯಲ್ಲಿ ಕೆಂಪಿ ಆ ಹುಲ್ಲಿನ ಕರುವಿನ ಬೆನ್ನು ನೆಕ್ಕುತ್ತಿತ್ತು. ಬಸು ನಿಂತು ನೋಡಿದ.

"ಅಜ್ಜಿ, ಕೆಂಪಿಗೆ ನೀ ಸುಳ್ಳು ಹೇಳಾಕತ್ತೀಯೇನು?"

ಅಜ್ಜಿ ಕೆಂಪಿಯ ಕೊರಳ ಮೇಲೆ ಕೈ ಇಟ್ಟಳು.

"ಊನಪ್ಪ, ಸುಳ್ಳೇಯ. ಅದಕ್ಕೆ ಮಾತು ತಿಳಿಯಾಕಿಲ್ಲ. ತಿಳಿದಿದ್ರೆ ನಿಜ ಏಳ್ತಿದ್ದೆ. ನಿಂಗ್ ತಿಳೀತದೆ, ಅದಕ್ಕೆ ಏಳ್ದೆ."

ಅವ್ವನನ್ನು ಕಳಿಸಬೇಕೆಂದು ಶಿಫ್ಟು ಬದಲಿಸಿಕೊಂಡಿದ್ದ ಅಪ್ಪ ಆ ಸಂಜೆ ಬೆಳಕಿರುವಾಗಲೇ ಬಂದ. ಬಸು ಗೇಟಿನ ಬಳಿಯೇ ಕಾಯುತ್ತಿದ್ದ. ಅಪ್ಪನ ಕೈಯಿಂದ ಟಿಫಿನ್ ಕ್ಯಾರಿಯರ್ ತೆಗೆದುಕೊಂಡ, ಜಗಲಿಯ ಮೇಲೆ ಕೂರಲು ಹೇಳಿದ, ಒಳಗಿನಿಂದ ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ತಂದುಕೊಟ್ಟ. ಅಪ್ಪ ಕುಡಿದು ಮುಗಿಸುವ ತನಕ ಎದುರಿಗೆ ನಿಂತಿದ್ದ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಅಂಗಳದಲ್ಲಿ ಅಜ್ಜಿ ಹುರುಳಿ ಕೇರುತ್ತಿದ್ದಳು.

"ಅಪ್ಪಾ, ಒಂದು ಮಾತು ಹೇಳತೀನಿ. ಅಳು ಬಂದ್ರ ಅಳು, ಪರವಾಗಿಲ್ಲ. ಬಿಸ್ಕತ್ತು ಚಿಕ್ಕಬಾಣಾವರದಾಗ ಇಲ್ಲ. ಅದು ಸತ್ತೈತಿ. ನಿನಗ ಯಾರೋ ಸುಳ್ಳು ಹೇಳ್ಯಾರ."

ಅಪ್ಪನಿಗೆ ಗೊತ್ತಿಲ್ಲ ಎಂದೇ ಅವನು ತಿಳಿದಿದ್ದ. ಅಪ್ಪನಿಗೂ ಯಾರೋ ಮೋಸ ಮಾಡಿದ್ದಾರೆ, ಈ ಸುದ್ದಿಯನ್ನು ನೋವಾಗದ ಹಾಗೆ ತಾನೇ ತಿಳಿಸಬೇಕು ಎಂದು ಬೆಳಗ್ಗೆಯಿಂದ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದ. ಅಪ್ಪನಿಗೆ ಆಗ ದಾರಿ ಸಲೀಸಾಗಿತ್ತು. ಹೌದೇ, ಅಯ್ಯೋ ಎಂದುಬಿಟ್ಟಿದ್ದರೆ ಸಾಕಿತ್ತು, ಮಗನ ಕಣ್ಣಲ್ಲಿ ಅವನ ಜಾಗ ಹಾಗೇ ಉಳಿಯುತ್ತಿತ್ತು. ಅವನ ಹುಬ್ಬು ಮೇಲಕ್ಕೆ ಏರಿದ್ದನ್ನು, ಬಾಯಿ ಆ ಅಯ್ಯೋಗೆ ಅರ್ಧ ತೆರೆದದ್ದನ್ನು ನಾನು ನೋಡಿದೆ. ಮೊರದ ಸದ್ದು ನಿಂತಿತ್ತು. ಅಪ್ಪ ಬಾಯಿ ಮುಚ್ಚಿದ, ಲೋಟ ಕೆಳಗಿಟ್ಟ.

"ನನಗ ಗೊತ್ತಿತ್ತು, ಬಸೂ."

"ಯಾವಾಗಿಂದ?"

"ಮೊದಲಿಂದ. ಸುಳ್ಳು ಹೇಳಿದವ ನಾನ. ನಿನ್ನ ಮುಖ ನೋಡಿ ಹೇಳಾಕ ಧೈರ್ಯ ಸಾಲಲಿಲ್ಲ. ತಪ್ಪಾತು, ತಮ್ಮಾ."

ತಂದೆ ಎಂಬುವವನು ಮಕ್ಕಳ ಎದುರು ತಪ್ಪಾಯಿತು ಎನ್ನುವುದನ್ನು ಆ ಕಾಲದ ಯಾವ ಮನೆಯಲ್ಲೂ ನಾನು ಕೇಳಿರಲಿಲ್ಲ. ಹೆಂಡತಿ, ಮನೆಯ ಮಾಲಕಿ, ಮಗಳು ಎಲ್ಲರೂ ನೋಡುತ್ತಿರುವಾಗ, ಐದು ವರ್ಷದವನ ಕಣ್ಣಲ್ಲಿ ಕಣ್ಣಿಟ್ಟು ಅಪ್ಪ ಅದನ್ನು ಹೇಳಿದ. ಅಷ್ಟು ದಿನ ಅವನು ಹೇಳಿದ ಚೆಂದದ ಸುಳ್ಳುಗಳೆಲ್ಲ ಸೇರಿದರೂ ಆ ಒಂದು ಮಾತಿಗೆ ಸಮನಾಗುವುದಿಲ್ಲ. ಬಸು ಒಂದೊಂದಾಗಿ ಲೆಕ್ಕ ಕೇಳಿದ.

"ಕೊಂಬು ಬಂದಾವ ಅಂದದ್ದು?"

"ಸುಳ್ಳು."

"ಗಂಟಿ?"

ಅಪ್ಪ ನನ್ನ ಕಡೆ ನೋಡಿದ. ನಾನು ಕಾಲ್ಬೆರಳಿನಲ್ಲಿ ನೆಲ ಕೆರೆಯುತ್ತಾ, ಅದು ನನ್ನದು ಎಂದು ಒಪ್ಪಿಕೊಂಡೆ. ಅಂಗಳದಲ್ಲಿ ಅಜ್ಜಿ ತಲೆ ಬಗ್ಗಿಸಿ ಮತ್ತೆ ಹುರುಳಿ ಕೇರತೊಡಗಿದಳು. ಬಸು ಹೋಗಿ ಅಪ್ಪನ ಪಕ್ಕ ಕೂತ. ಆ ಹೊತ್ತು ಊಟ ಮಾಡಿದ, ಎರಡು ರೊಟ್ಟಿ ತಿಂದ, ವಾಂತಿಯಾಗಲಿಲ್ಲ.

ಗುರುವಾರ ಯಶವಂತಪುರದ ನಿಲ್ದಾಣದಲ್ಲಿ ಅವ್ವನನ್ನು ರೈಲು ಹತ್ತಿಸಿದೆವು. ಬಸು ಅಳುತ್ತಲೇ ಕೈ ಬೀಸಿದ, ಆದರೆ ಸೆರಗು ಹಿಡಿಯಲಿಲ್ಲ. ರೈಲು ಅಲುಗಿದ ಮೇಲೆ ಕಿಟಕಿಯ ಜೊತೆ ನಡೆಯುತ್ತಾ, "ಅವ್ವಾ, ಚಿಕ್ಕಬಾಣಾವರದಾಗ ಇಳೀಬ್ಯಾಡ. ನನಗ ಗೊತ್ತೈತಿ, ಆದರೂ" ಎಂದ. ಮನೆಗೆ ಬಂದು ಕೊಟ್ಟಿಗೆಗೆ ಹೋಗಿ ಕೆಂಪಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಏನೆಂದು ಕೇಳಿದೆ. ಬಿಸ್ಕತ್ತು ಸತ್ತಿದೆ ಎಂದು ಹೇಳುತ್ತಿದ್ದೇನೆ, ಅವಳಿಗೆ ಮಾತು ತಿಳಿಯುವ ತನಕ ದಿನಾ ಹೇಳುತ್ತೇನೆ ಎಂದ. ಹಾಗೇ ಹೇಳಿದ ಕೂಡ, ಆ ಹುಲ್ಲಿನ ಕರು ಹಳೆಯದಾಗಿ ಕೊಟ್ಟಿಗೆಯಿಂದ ಹೊರಗೆ ಹೋಗುವವರೆಗೂ. ಅಜ್ಜಿ ಅವನನ್ನು ತಡೆಯಲಿಲ್ಲ.

ಅವ್ವನ ಕಾರ್ಡು ಪ್ರತಿ ವಾರ ಬಂತು. ಅಪ್ಪ ಓದಿ ಹೇಳುವಾಗ ಈಗ ಒಂದಕ್ಷರ ಸೇರಿಸುತ್ತಿರಲಿಲ್ಲ. ಕಾಲು ಊದಿದೆ ಎಂದು ಬರೆದಿದ್ದರೆ ಊದಿದೆ ಎಂದೇ ಓದುತ್ತಿದ್ದ. ಒಂದು ವಾರ ಕಾರ್ಡು ಬರಲಿಲ್ಲ. ಬಸು ಅಪ್ಪನ ಮುಖ ನೋಡಿದ. ನನಗೂ ಹೆದರಿಕೆಯಾಗಿದೆ, ಇಬ್ಬರೂ ಕಾಯೋಣ ಎಂದ ಅಪ್ಪ. ನಾಲ್ಕನೆಯ ದಿನ ಮಾವನ ಕಾಗದ ಬಂತು: ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಕಾರ್ತಿಕ ಮುಗಿಯುವ ಹೊತ್ತಿಗೆ ಅವ್ವ ಬಂದಳು. ಮುನಿಯಮ್ಮಜ್ಜಿ ಅಂದು ಹಾಲನ್ನೆಲ್ಲ ನಂಜಪ್ಪನಿಗೆ ಒಪ್ಪಿಸಿ, ಬಿಳಿ ಸೆರಗಿನ ಸೀರೆ ಉಟ್ಟು ನಮ್ಮ ಜೊತೆ ಯಶವಂತಪುರಕ್ಕೆ ಬಂದಿದ್ದಳು. ಮಾವ ಟ್ರಂಕು ಇಳಿಸಿದ. ಅವ್ವ ಕಿವಿಗೆ ಬಟ್ಟೆ ಕಟ್ಟಿಕೊಂಡು, ಶಾಲಿನಲ್ಲಿ ಸುತ್ತಿದ ಮಗುವನ್ನು ಎದೆಗೆ ಹಿಡಿದು ಇಳಿದಳು. ನಾನು ಓಡಿಹೋಗಿ ಸೊಂಟ ತಬ್ಬಿಕೊಂಡೆ. ಬಸು ಎರಡು ಹೆಜ್ಜೆ ದೂರದಲ್ಲೇ ನಿಂತ. ಆಮೇಲೆ ಹತ್ತಿರ ಬಂದು ಶಾಲು ಸರಿಸಿ, ಕೈಯ ಹಿಂಭಾಗವನ್ನು ಮಗುವಿನ ಮೂಗಿನ ಕೆಳಗೆ ಇಟ್ಟ. ಏನೆಂದು ತಿಳಿಯದೆ ತಡೆಯಲು ಬಂದ ಮಾವನನ್ನು ಅಜ್ಜಿ ತೋಳು ಹಿಡಿದು ನಿಲ್ಲಿಸಿದಳು. ಸುತ್ತ ಕೂಲಿಗಳು, ಚಹಾದವರು, ಇಳಿಯುವವರು. ನಾವು ಐವರೂ ಉಸಿರು ಬಿಗಿಹಿಡಿದು ಅವನನ್ನು ನೋಡುತ್ತಿದ್ದೆವು.

"ಐತಿ," ಎಂದ ಬಸು.

ಆಮೇಲೆ ಅವ್ವನ ಮುಖ ನೋಡಿ ಅದೇ ಕೈಯನ್ನು ಮೇಲಕ್ಕೆ ಎತ್ತಿದ. ಅದು ಅವಳ ಮೂಗಿನವರೆಗೆ ತಲುಪುತ್ತಿರಲಿಲ್ಲ. ಅವ್ವ ಮಗುವನ್ನು ಅಪ್ಪನ ಕೈಗೆ ಕೊಟ್ಟು, ಅಷ್ಟು ಜನರ ನಡುವೆ ಪ್ಲಾಟ್‌ಫಾರ್ಮಿನ ಮೇಲೆ ಮೊಣಕಾಲೂರಿ ಕೂತು, ಅವನ ಕೈಗೆ ತನ್ನ ಉಸಿರು ತಾಗುವಷ್ಟು ಹತ್ತಿರಕ್ಕೆ ಮುಖ ತಂದಳು.